ನೀನು ಅಂದ ‘ಬಿಡು’

ಶರಣಪ್ಪ, ಅಂದು ನೀನು ‘ಬಿಡು’ ಅಂದದ್ದು ಯಾವ ‘ಬಿಡು’ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೇ ಹಸಿರು ಗುಂಡಿ ಒತ್ತಿದೆ. ನಿನ್ನ ಬಲಗೈಯ ಮೂರು ಬೆರಳು ಹೋದದ್ದು ಅಪಘಾತದಲ್ಲಲ್ಲ, ನನ್ನ ಕೈಯಲ್ಲಿ. ಪಾಪ, ಮುನಿರಾಜು ಮಾತನ್ನು ತಪ್ಪು ತಿಳಿದ ಎಂದು ಕಾರ್ಖಾನೆಯವರು ನಂಬಿದರು, ವಿಚಾರಣೆಗೆ ಬಂದ ಅಧಿಕಾರಿ ನಂಬಿದರು, ಕೊನೆಗೆ ನೀನೂ ನಂಬಿದೆ. ಹದಿಮೂರು ವರ್ಷದಿಂದ ಆ ನಂಬಿಕೆಯ ಮರೆಯಲ್ಲೇ ನಾನು ಉಂಡು ಮಲಗಿದ್ದೇನೆ.

ಹೇಳಬೇಕಾದದ್ದು ಇಷ್ಟೇ. ಇಲ್ಲಿಗೇ ನಿಲ್ಲಿಸಬಹುದಿತ್ತು — ಆದರೆ ನಿಲ್ಲಿಸಿದರೆ ಅದೂ ಒಂದು ಜಾಣತನವಾಗುತ್ತದೆ. ಹೇಗೆ ಮಾಡಿದೆ ಎಂದು ಒಂದೊಂದಾಗಿ ಬರೆಯುತ್ತೇನೆ. ನಿನಗೆ ಗೊತ್ತಿರುವುದನ್ನೂ ಬಿಡಿಸಿ ಬರೆಯುತ್ತೇನೆ. ಈ ಕಾಗದವನ್ನು ನಿನ್ನ ಮನೆಯವರು ಓದಬೇಕು, ನನ್ನ ಮನೆಯವರೂ ಓದಬೇಕು. ನಮ್ಮಿಬ್ಬರ ಪರಿಚಯವೇ ಇಲ್ಲದವರು ಓದಿದರೂ ನನ್ನ ಮುಖಕ್ಕೆ ಉಗಿಯುವಷ್ಟು ಅವರಿಗೆ ತಿಳಿಯಬೇಕು.

ಕೆ.ಆರ್. ಪುರದ ರೈಲ್ವೆ ಗೇಟು ದಾಟಿದರೆ ನಮ್ಮ ಕಾರ್ಖಾನೆ. ಕಾರ್ಖಾನೆ ಎನ್ನುವುದು ದೊಡ್ಡ ಮಾತು, ಶೀಟು ಹೊದಿಸಿದ ಒಂದು ಶೆಡ್ಡು. ಹಿಟ್ಟಿನ ಗಿರಣಿಗೆ, ನೀರಿನ ಪಂಪಿಗೆ ಬೇಕಾದ ಮೋಟಾರುಗಳನ್ನು ಅಲ್ಲಿ ತಯಾರು ಮಾಡುತ್ತಿದ್ದೆವು. ಕೊನೆಯ ಇಕ್ಕಟ್ಟಿನ ಕೋಣೆ ಪರೀಕ್ಷೆಯದು. ಹೊರಗೆ ಹೋಗುವ ಪ್ರತಿಯೊಂದು ಮೋಟಾರೂ ಅಲ್ಲಿ ಎರಡು ಪ್ರಶ್ನೆಗೆ ಉತ್ತರ ಕೊಡಬೇಕಿತ್ತು. ನಿನ್ನ ತಿರುಗಿಸುವ ಬಲ ಎಷ್ಟು? ಅದರಲ್ಲಿ ನಿನ್ನ ಒಳಗೇ ತಿಕ್ಕಾಟಕ್ಕೆ ತಿಂದು ಹಾಕುವುದೆಷ್ಟು?

ಮೊದಲನೆಯದಕ್ಕೆ ಮೋಟಾರಿನ ಶಾಫ್ಟಿಗೆ ಒಂದು ಕಬ್ಬಿಣದ ಡ್ರಮ್ಮು ಹಾಕುತ್ತಿದ್ದೆವು. ಡ್ರಮ್ಮಿನ ಅಡಿಯಿಂದ ಒಂದು ಕ್ಯಾನ್ವಾಸ್ ಬೆಲ್ಟು ಹಾಯಿಸಿ, ಅದರ ಎರಡು ತುದಿಯನ್ನೂ ಮೇಲೆ ತೂಗುಹಾಕಿದ ಎರಡು ಸ್ಪ್ರಿಂಗ್ ತಕ್ಕಡಿಗೆ ಕಟ್ಟುತ್ತಿದ್ದೆವು. ಮೋಟಾರು ತಿರುಗುವಾಗ ಬೆಲ್ಟನ್ನು ಬಿಗಿ ಮಾಡುತ್ತ ಹೋದರೆ ಒಂದು ತಕ್ಕಡಿಯ ಮುಳ್ಳು ಏರುತ್ತದೆ, ಇನ್ನೊಂದರದು ಇಳಿಯುತ್ತದೆ. ಎರಡರ ವ್ಯತ್ಯಾಸವನ್ನು ಡ್ರಮ್ಮಿನ ಅಳತೆಯಿಂದ ಗುಣಿಸಿದರೆ ಟಾರ್ಕು, ಅಂದರೆ ಆ ತಿರುಗಿಸುವ ಬಲ. ಬೆಲ್ಟು ಹೊಗೆಯಾಡುತ್ತಿತ್ತು, ಡ್ರಮ್ಮಿನೊಳಗೆ ನೀರು ಹೊಯ್ಯುತ್ತಿದ್ದೆವು. ಎರಡನೆಯದಕ್ಕೆ ಬೆಲ್ಟು ಕಳಚಿ, ಮೋಟಾರನ್ನು ಪೂರ್ತಿ ವೇಗಕ್ಕೆ ಓಡಿಸಿ, ಕರೆಂಟು ಕಿತ್ತು, ಅದು ತಾನಾಗಿ ನಿಲ್ಲುವವರೆಗೆ ಸೆಕೆಂಡು ಎಣಿಸುವುದು. ಒಳಗೆ ಸಲೀಸಾಗಿದ್ದರೆ ಹೆಚ್ಚು ಹೊತ್ತು ತಿರುಗುತ್ತದೆ, ತಿಕ್ಕಾಟವಿದ್ದರೆ ಬೇಗ ನಿಲ್ಲುತ್ತದೆ. ಪುಸ್ತಕದಲ್ಲಿ ಇದಕ್ಕೆ ಘರ್ಷಣೆ ಎನ್ನುತ್ತಾರೆ. ಪೇಪರಿನಲ್ಲಿ ಜನ ಕಲ್ಲು ತೂರಿ ತಲೆ ಒಡೆದುಕೊಂಡರೂ ಅದೇ ಪದ. ಡಿಪ್ಲೊಮಾ ಓದುವಾಗ ನನಗೆ ಅದು ನಗುವ ವಿಷಯವಾಗಿತ್ತು.

ಪರೀಕ್ಷೆಗೆ ಇಬ್ಬರು ಬೇಕು. ಒಬ್ಬ ಬೆಲ್ಟಿನ ಹತ್ತಿರ, ಒಬ್ಬ ಗೋಡೆಯ ಸ್ಟಾರ್ಟರಿನ ಹತ್ತಿರ. ಬೆಲ್ಟಿನವನು ಎಲ್ಲ ಸರಿ ಮಾಡಿಕೊಂಡು ಕೂಗಿದರೆ ಸ್ಟಾರ್ಟರಿನವನು ಗುಂಡಿ ಒತ್ತಬೇಕು. ಆ ಕೂಗಿಗೆ ನಮ್ಮಲ್ಲಿ ಇದ್ದ ಪದ ‘ಬಿಡು’. ಕರೆಂಟು ಬಿಡು, ಎಂದು ಅರ್ಥ. ಆ ಪದವನ್ನು ಅಲ್ಲಿಗೆ ತಂದವನೂ ನಾನೇ.

ನಮ್ಮಪ್ಪ ಕೆ.ಆರ್. ಪುರದ ಆಚೆಯ ಹಳ್ಳಿಯಲ್ಲಿ ಸೊಪ್ಪು ತರಕಾರಿ ಬೆಳೆಯುತ್ತಿದ್ದವರು. ತೋಟದ ಆ ತುದಿಯಲ್ಲಿ ಮಡಿ ಕಟ್ಟಿ ನಿಂತು ‘ಬಿಡೋ’ ಎಂದು ಕೂಗುತ್ತಿದ್ದರು. ಬಾವಿಯ ಹತ್ತಿರ ನಾನು ಪಂಪಿನ ಗುಂಡಿ ಒತ್ತಬೇಕು. ಒಂದು ಗಳಿಗೆ ತಡವಾದರೆ ಎತ್ತಿನ ಚಾಟಿ ಬೆನ್ನಿಗೆ ಬರುತ್ತಿತ್ತು. ಅದು ಬರೆ ಬರೆಯಾಗಿ ಊದಿಕೊಂಡು, ಶಾಲೆಯ ಬೆಂಚಿಗೆ ಒರಗಿ ಕೂರಲು ಆಗುತ್ತಿರಲಿಲ್ಲ. ಇದನ್ನು ನೆಪಕ್ಕೆ ಹೇಳುತ್ತಿಲ್ಲ. ಚಾಟಿ ತಿಂದವರೆಲ್ಲ ಇನ್ನೊಬ್ಬರ ಕೈ ಮುರಿಯುವುದಿಲ್ಲ. ನನ್ನ ತಮ್ಮನೂ ಅಷ್ಟೇ ತಿಂದವನು, ಅವನು ಇರುವೆಯನ್ನೂ ತುಳಿಯುವವನಲ್ಲ.

ನೀನು ಕಲಬುರ್ಗಿ ಕಡೆಯಿಂದ ಬಂದೆ. ನಮ್ಮ ಹಳ್ಳಿಯಲ್ಲೇ ಬಾಡಿಗೆಗೆ ಒಂದು ಕೋಣೆ ಹಿಡಿದೆ. ಕೆಲಸಕ್ಕೆ ಸೇರಿದ ಮೊದಲ ದಿನ ಬೆಲ್ಟು ಸರಿ ಮಾಡಿ, ನನ್ನ ಕಡೆ ತಿರುಗಿ, “ಚಾಲೂ ಮಾಡ್ರಿ” ಅಂದೆ. ನಾನು ಗುಂಡಿ ಒತ್ತಲಿಲ್ಲ. “ಏನ್ ಮಾಡ್ಬೇಕು? ಕೇಳಿಸ್ಲಿಲ್ಲ” ಅಂದೆ. ನೀನು ಮತ್ತೆ ಅಂದೆ. ನಾನು ಮತ್ತೆ ಕೇಳಿಸಲಿಲ್ಲ, ಇಲ್ಲಿ ‘ಬಿಡು’ ಅನ್ನಬೇಕು ಅಂದೆ. ಆಚೆ ಕೋಣೆಯ ಹುಡುಗರೆಲ್ಲ ಬಂದು ನಿಂತು ನಗುತ್ತಿದ್ದರು. ಐದನೆಯ ಸಲ ನೀನೇ ನಗುತ್ತ “ಬಿಡು” ಅಂದೆ, ಆಗ ನಾನು ಒತ್ತಿದೆ. ನೀನು ನನಗಿಂತ ಐದು ವರ್ಷ ದೊಡ್ಡವನು, ಆದರೂ ಅಂದಿನಿಂದ ನಾನು ನಿನ್ನನ್ನು ಏಕವಚನದಲ್ಲೇ ಕರೆದೆ. ಈಗ ಈ ಕಾಗದದಲ್ಲಿ ‘ನೀವು’ ಎಂದು ಬರೆಯಲು ಹೋದೆ — ನಾಟಕವಾಗಿ ಕಂಡಿತು, ಹೊಡೆದು ಹಾಕಿದೆ.

ಓದಿದ್ದು ನಾನು, ಕೆಲಸ ಗೊತ್ತಿದ್ದದ್ದು ನಿನಗೆ. ತಿಕ್ಕಾಟ ಅಳೆಯಲು ನಿನ್ನದೇ ಒಂದು ದಾರಿ ಇತ್ತು. ಕರೆಂಟೇ ಬೇಡ. ಡ್ರಮ್ಮಿಗೆ ಒಂದು ಹುರಿ ಸುತ್ತಿ, ಅದರ ತುದಿಗೆ ಸ್ಟೀಲು ಲೋಟ ಕಟ್ಟಿ, ಲೋಟಕ್ಕೆ ಒಂದೊಂದೇ ನಟ್ಟು ಹಾಕುತ್ತ ಹೋಗುತ್ತಿದ್ದೆ. ಯಾವ ನಟ್ಟಿಗೆ ಶಾಫ್ಟು ಕದಲುತ್ತದೋ ಅಲ್ಲಿಗೆ ನಿಲ್ಲಿಸಿ, ಲೋಟವನ್ನು ಎದುರಿನ ದಿನಸಿ ಅಂಗಡಿಗೆ ಒಯ್ದು ತೂಗಿಸಿಕೊಂಡು ಬರುತ್ತಿದ್ದೆ. ಅಂಗಡಿಯವನು ನಿನಗೆ ಲೋಟದ ಶರಣಪ್ಪ ಎಂದೇ ಹೆಸರಿಟ್ಟಿದ್ದ. ನಾನೂ ಆಡಿಕೊಂಡೆ. ಆದರೆ ನಿನ್ನ ಲೋಟ ಹೇಳಿದ್ದು ಒಂದು ದಿನವೂ ಸುಳ್ಳಾಗಲಿಲ್ಲ.

ನನಗೆ ಕೋಪ ಮೂಗಿನ ತುದಿಯಲ್ಲಿ. ಬೇರಿಂಗನ್ನು ಶಾಫ್ಟಿಗೆ ಕೂರಿಸುವುದು ನನ್ನ ಮುಖ್ಯ ಕೆಲಸ, ಸ್ಟಾರ್ಟರಿನ ಹತ್ತಿರ ಬಿಡುವಿದ್ದಾಗ ಮಾತ್ರ ನಿಲ್ಲುತ್ತಿದ್ದೆ. ಅದನ್ನು ಎಣ್ಣೆಯಲ್ಲಿ ಬಿಸಿ ಮಾಡಿದರೆ ಸ್ವಲ್ಪ ಹಿಗ್ಗಿ, ಕೈಯಲ್ಲೇ ಜಾರಿ ಕೂರುತ್ತದೆ. ಆದರೆ ಎಣ್ಣೆ ಕಾಯುವವರೆಗೆ ನಿಲ್ಲಬೇಕು. ನಾನು ನಿಲ್ಲುತ್ತಿರಲಿಲ್ಲ. ಒಂದು ಪೈಪು ಇಟ್ಟು ಸುತ್ತಿಗೆಯಿಂದ ಬಾರಿಸುತ್ತಿದ್ದೆ. ಮನೆಯಲ್ಲಿ ಜಗಳವಾಡಿ ಬಂದ ದಿನ ಇನ್ನೂ ಜೋರಾಗಿ ಬಾರಿಸುತ್ತಿದ್ದೆ. ಬೇರಿಂಗಿನೊಳಗಿನ ಗುಂಡುಗಳು ತಾವು ಕೂತ ದಾರಿಯಲ್ಲೇ ಗುಳಿ ಬೀಳಿಸಿಕೊಳ್ಳುತ್ತಿದ್ದವು. ಹೊರಗಿನಿಂದ ಏನೂ ಕಾಣುತ್ತಿರಲಿಲ್ಲ.

ಒಂದು ದಿನ ಹಾಗೆ ಕೂರಿಸಿದ ಮೋಟಾರು ನಿನ್ನ ಮೇಜಿಗೆ ಬಂತು. ಇಪ್ಪತ್ತೆರಡು ಸೆಕೆಂಡು ತಿರುಗಬೇಕಾದದ್ದು ಒಂಬತ್ತಕ್ಕೇ ನಿಂತಿತು. ಲೋಟ ತುಂಬಿ ತುಳುಕಿದರೂ ಶಾಫ್ಟು ಕದಲಲಿಲ್ಲ. ನೀನು ಯಾರಿಗೂ ಚಾಡಿ ಹೇಳಲಿಲ್ಲ. ಪರೀಕ್ಷೆಯ ಪುಸ್ತಕದಲ್ಲಿ ನಿನ್ನ ಆ ಮುತ್ತಿನಂಥ ಅಕ್ಷರದಲ್ಲಿ ಒಂದು ಸಾಲು ಬರೆದೆ — ‘ಬೇರಿಂಗ್ ಬಿಗಿ. ಹೊಡೆದು ಕೂರಿಸಿದ್ದು.’ ನನ್ನ ಹೆಸರು ಎಲ್ಲೂ ಇರಲಿಲ್ಲ. ಮಾಲೀಕರು ಸಂಜೆ ಎಲ್ಲರನ್ನೂ ಕರೆದು ಆ ಸಾಲನ್ನು ಗಟ್ಟಿಯಾಗಿ ಓದಿದರು.

“ಯಾರ್ರೀ ಇದು ಹೊಡ್ದು ಕೂರ್ಸಿರೋದು?”

“ನಾನಲ್ಲ ಸಾರ್” ಅಂದೆ. ಯಾರೂ ನನ್ನನ್ನು ಕೇಳಿಯೇ ಇರಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. ಶೆಡ್ಡಿಗೆ ಶೆಡ್ಡೇ ಗೊಳ್ಳೆಂದಿತು. ನೀನೊಬ್ಬನೇ ನಗಲಿಲ್ಲ, ನೆಲ ನೋಡುತ್ತ ನಿಂತಿದ್ದೆ. ಆ ನಗದೆ ಇದ್ದದ್ದೇ ನನ್ನ ಹೊಟ್ಟೆಗೆ ಬೆಂಕಿ ಇಟ್ಟಿತು, ಶರಣಪ್ಪ. ನಕ್ಕಿದ್ದರೆ ನಾಲ್ಕು ಬೈದು ಸುಮ್ಮನಾಗುತ್ತಿದ್ದೆನೋ ಏನೋ.

ಮಾಲೀಕರು ನನ್ನನ್ನು ಬೇರಿಂಗಿನ ಕೆಲಸದಿಂದ ತೆಗೆದರು. ಇನ್ನು ಮೇಲೆ ಸ್ಟಾರ್ಟರಿನ ಹತ್ತಿರ ನಿಲ್ಲು, ಶರಣಪ್ಪ ಹೇಳಿದಾಗ ಗುಂಡಿ ಒತ್ತು, ಅಷ್ಟೇ ಸಾಕು ಅಂದರು. ಅಂದರೆ ದಿನಕ್ಕೆ ಇಪ್ಪತ್ತು ಸಲ ನೀನು ‘ಬಿಡು’ ಅನ್ನಬೇಕು, ನಾನು ಬಿಡಬೇಕು. ನಮ್ಮಪ್ಪ ತೋಟದಿಂದ ಕೂಗಿದ ಹಾಗೆ. ನಮ್ಮೂರಿನಲ್ಲಿ, ನಮ್ಮ ಜಮೀನಿನ ಪಕ್ಕದಲ್ಲಿ, ಬಿಸಿಲು ಸೀಮೆಯಿಂದ ಬ್ಯಾಗು ಹಿಡಿದು ಬಂದವನೊಬ್ಬ ನಾನೇ ಕಲಿಸಿದ ಪದದಿಂದ ನನ್ನನ್ನು ಆಡಿಸುತ್ತಾನೆ — ಹೀಗೆಲ್ಲ ಅಂದುಕೊಳ್ಳುತ್ತಿದ್ದೆ. ನೀನು ಆಡಿಸಲಿಲ್ಲ. ಕೆಲಸ ಮಾಡುತ್ತಿದ್ದೆ, ಅಷ್ಟೇ. ಅದು ನನಗೆ ಆಗಲೂ ಗೊತ್ತಿತ್ತು. ಗೊತ್ತಿಲ್ಲದೆ ಮಾಡಿದ್ದು ನನ್ನ ಲೆಕ್ಕದಲ್ಲಿ ಏನೂ ಇಲ್ಲ.

ಆ ವಾರವೇ ಗೇಟಿನ ಹತ್ತಿರದ ಟೀ ಅಂಗಡಿಯಲ್ಲಿ ನಿನ್ನ ಕೆನ್ನೆಗೆ ಹೊಡೆದೆ. ನೀನು ಟೀ ಕುಡಿಯುತ್ತಿದ್ದೆ. ಗ್ಲಾಸು ಹಲ್ಲಿಗೆ ಬಡಿದು ತುಟಿ ಸೀಳಿತು. ಟೀಯಲ್ಲಿ ರಕ್ತ ಬಿತ್ತು. ನೀನು ಗ್ಲಾಸನ್ನು ಬೆಂಚಿನ ಮೇಲೆ ಇಟ್ಟು, ತುಟಿ ಒರೆಸಿಕೊಂಡು, “ಯಾಕೋ ಮುನಿರಾಜ, ನಾ ಏನ್ ಮಾಡೀನಿ ನಿಂಗ?” ಅಂದೆ. ಇನ್ನೊಂದು ಹೊಡೆದೆ. ಅಂಗಡಿಯ ಮಲಯಾಳಿ ನನ್ನನ್ನು ಎಳೆದು ಆಚೆ ತಳ್ಳಿದ. ನೀನು ಕೈ ಎತ್ತಲಿಲ್ಲ. ನಿನಗೆ ತಾಕತ್ತು ಇರಲಿಲ್ಲ ಎಂದಲ್ಲ. ಐದು ಎಚ್‌ಪಿ ಮೋಟಾರನ್ನು ಒಬ್ಬನೇ ಎತ್ತಿ ಮೇಜಿಗೆ ಇಡುತ್ತಿದ್ದವನು ನೀನು. ಮಾರನೆಯ ದಿನ ಊದಿದ ತುಟಿಯಲ್ಲೇ “ಬಿಡು” ಅಂದೆ. ಬಿಟ್ಟೆ.

ಇನ್ನು ಆ ದಿನ.

ಬೆಳಗಿನ ಹನ್ನೊಂದು ಗಂಟೆ ಇರಬೇಕು, ಟೀ ಮುಗಿದು ಎಲ್ಲರೂ ಕೆಲಸಕ್ಕೆ ಕೂತಿದ್ದರು. ಪಕ್ಕದ ಕೋಣೆಯಲ್ಲಿ ಫಿಲೋಮಿನಾ ಅಕ್ಕ ಮೋಟಾರಿನ ತಂತಿಯ ಸುರುಳಿಗೆ ಟೇಪು ಸುತ್ತುತ್ತಿದ್ದರು. ಹಲಸೂರಿನಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದ, ಯಾರ ತಂಟೆಗೂ ಹೋಗದ ಹೆಂಗಸು. ಮೇಜಿನ ಮೇಲೆ ಇದ್ದದ್ದು ಅದೇ ಮೋಟಾರು, ನಾನು ಹೊಡೆದು ಕೂರಿಸಿದ್ದು. ನೀನು ಹಳೆಯ ಬೇರಿಂಗು ಕಿತ್ತು, ಹೊಸದನ್ನು ಎಣ್ಣೆಯಲ್ಲಿ ಕಾಯಿಸಿ ಕೂರಿಸಿದ್ದೆ. ಆಗಲೇ ಓಡಿಸಿ ಎಣಿಸಿ ಆಗಿತ್ತು — ಇಪ್ಪತ್ತೆರಡು ಸೆಕೆಂಡು. ಇನ್ನು ಟಾರ್ಕು ನೋಡಬೇಕಿತ್ತು. ನೀನು ಬೆಲ್ಟು ಹಾಯಿಸಿದ್ದೆ. ಅದು ಅಡಿಯಲ್ಲಿ ಮಗುಚಿಕೊಂಡಿತ್ತು. ಬಗ್ಗಿ, ಬೆಲ್ಟಿಗೂ ಡ್ರಮ್ಮಿಗೂ ನಡುವೆ ಬಲಗೈ ತೂರಿಸಿ, ಅದನ್ನು ಸರಿ ಮಾಡುತ್ತಿದ್ದೆ. ನಾನು ಎರಡು ಅಡಿ ಆಚೆ, ಸ್ಟಾರ್ಟರಿನ ಹತ್ತಿರ.

ತಲೆ ಎತ್ತದೆಯೇ ನೀನು ಮೆಲ್ಲಗೆ ಅಂದೆ, “ಮುನಿರಾಜ, ಪುಸ್ತಕದಾಗ ಆ ಹಳೇ ಸಾಲಿಗೆ ಗೀಟು ಹಾಕೀನಿ. ಈ ಬೇರಿಂಗ್ ನೀನೇ ಕೂರ್ಸೀದಿ ಅಂತ ಬರೀತೀನಿ. ಮಾಲೀಕರು ನಿನ್ ಕೆಲಸ ನಿನಗ ಕೊಡ್ತಾರ.”

ಇದನ್ನೂ ನಾನು ಮೊನ್ನೆಯವರೆಗೆ ಯಾರಿಗೂ ಹೇಳಿರಲಿಲ್ಲ. ನೀನು ನನಗೆ ಒಳ್ಳೆಯದನ್ನೇ ಮಾಡುತ್ತಿದ್ದೆ. ಕೆನ್ನೆಗೆ ಹೊಡೆದವನ ಹೆಸರನ್ನು ನಿನ್ನ ಕೆಲಸದ ಪಕ್ಕದಲ್ಲಿ ಬರೆಯಲು ಹೊರಟಿದ್ದೆ. ನನಗೆ ಅದು ಭಿಕ್ಷೆಯಂತೆ ಕೇಳಿಸಿತು. ಎಡಗೈಯಿಂದ ನಿನ್ನ ಅಂಗಿಯ ಕೊರಳಪಟ್ಟಿ ಹಿಡಿದು ಕೆಳಕ್ಕೆ ಅದುಮಿದೆ. “ನಿನ್ ಭಿಕ್ಷೆ ಯಾವನಿಗೋ ಬೇಕು?” ಅಂದೆ. ಕೈ ಹೊರಗೆ ಎಳೆದುಕೊಳ್ಳಲು ನೀನು ಮೇಲೇಳಬೇಕಿತ್ತು, ನಾನು ಏಳಗೊಡಲಿಲ್ಲ. ನಿನ್ನ ಉಸಿರು ಕಟ್ಟಿತು. ಆಗ ನೀನು ಗಟ್ಟಿಯಾಗಿ ಕೂಗಿದೆ.

“ಬಿಡು.”

ಆಮೇಲೆ ದನಿ ಕುಗ್ಗಿಸಿ, “ಕೈ ಒಳಗದ.”

ಕೊರಳಪಟ್ಟಿ ಬಿಡಲಿಲ್ಲ. ಕರೆಂಟು ಬಿಟ್ಟೆ.

ನನ್ನ ಬಲಗೈ ತಾನಾಗಿ ಹೋಯಿತು, ಅಭ್ಯಾಸಬಲ, ಕಣ್ಣು ಕತ್ತಲೆ ಬಂದಿತ್ತು — ಹೀಗೆಲ್ಲ ಬರೆದು ನೋಡಿದೆ. ಸುಳ್ಳು. ‘ಬಿಡು’ ಎಂಬುದನ್ನು ಕೇಳಿದೆ, ‘ಕೈ ಒಳಗದ’ ಎಂಬುದನ್ನೂ ಕೇಳಿದೆ. ಇವನು ‘ಬಿಡು’ ಅಂದಿದ್ದಾನೆ, ಈಗ ಒತ್ತಿದರೆ ಯಾರೂ ಏನೂ ಅನ್ನುವಂತಿಲ್ಲ ಎಂಬ ಯೋಚನೆ ಪೂರ್ತಿಯಾಗಿ, ಒಂದು ವಾಕ್ಯದ ಹಾಗೆ ತಲೆಯಲ್ಲಿ ಬಂದು ಹೋಯಿತು. ಅದು ಬಂದು ಹೋದ ಮೇಲೆಯೇ ಒತ್ತಿದ್ದು.

ಡ್ರಮ್ಮು ನಿನ್ನ ಕೈಯನ್ನು ಒಳಕ್ಕೆ ಎಳೆಯಿತು. ಬೆಲ್ಟು ಬಿಗಿಯಿತು. ತಕ್ಕಡಿಯ ಮುಳ್ಳು ಕೊನೆಗೆ ಹೋಗಿ ಬಡಿಯಿತು. ಆ ಸದ್ದಿನ ಅಡಿಯಲ್ಲಿ ಇನ್ನೊಂದು ಸದ್ದು ಕೇಳಿತು, ಹಸಿ ಕಡ್ಡಿ ಮುರಿದ ಹಾಗೆ, ಒಂದಾದ ಮೇಲೆ ಒಂದು. ಮೋಟಾರು ತಿರುಗಲಾರದೆ ಗುರುಗುಟ್ಟಿತು. ನೀನು ಕೂಗಿದ್ದು ಮನುಷ್ಯರ ದನಿಯಾಗಿರಲಿಲ್ಲ. ನನ್ನ ಎಡಗೈ ಇನ್ನೂ ನಿನ್ನ ಕೊರಳಪಟ್ಟಿಯ ಮೇಲೇ ಇತ್ತು, ಬಲಗೈ ಹಸಿರು ಗುಂಡಿಯ ಪಕ್ಕದಲ್ಲಿ, ಕೆಂಪು ಗುಂಡಿಗೆ ನಾಲ್ಕು ಬೆರಳು ದೂರದಲ್ಲಿ. ಮತ್ತು ನಾನು — ಹೇಗೆ ಬರೆಯಲಿ — ನಾನು ಎಣಿಸಿದೆ. ಒಂದು. ಎರಡು. ಮೂರು. ಆಮೇಲೆ ಕೆಂಪು ಗುಂಡಿ ಒತ್ತಿದೆ.

ಫಿಲೋಮಿನಾ ಅಕ್ಕ ಟೇಪು ಕತ್ತರಿಸುವ ಕತ್ತರಿ ಹಿಡಿದುಕೊಂಡೇ ಓಡಿ ಬಂದರು. ಬೆಲ್ಟನ್ನು ಕತ್ತರಿಸಿ ನಿನ್ನ ಕೈ ಬಿಡಿಸಿದ್ದು ಅವರೇ. ಡ್ರಮ್ಮಿನ ನೀರು ಕೆಂಪಾಗಿ ನೆಲಕ್ಕೆ ಚೆಲ್ಲಿತು. ನೀನು ಕುಸಿದು ಬಿದ್ದೆ. ನನ್ನ ಬಾಯಿಂದ ಬಂದ ಮೊದಲ ಮಾತು ನಿನ್ನ ಹೆಸರಲ್ಲ.

“ಅವ್ನೇ ಬಿಡು ಅಂದ. ಅಕ್ಕಾ, ನಿಮಗೂ ಕೇಳಿಸ್ತಲ್ಲ?”

“ಹೌದಪ್ಪ, ಬಿಡು ಅಂದ್ರು. ಕೇಳಿಸ್ತು” ಅಂದರು ಅವರು. ನಿಜವೇ ಹೇಳಿದರು. ಗೋಡೆಯ ಆಚೆಗೆ ಕೇಳಿಸಿದ್ದು ಆ ಒಂದೇ ಪದ.

ಎಣ್ಣೆ ಒರೆಸುವ ನೂಲಿನ ವೇಸ್ಟಿನಲ್ಲಿ ನಿನ್ನ ಕೈ ಸುತ್ತಿ ಆಟೋದಲ್ಲಿ ಹಾಕಿಕೊಂಡು ಹೊರಟೆ. ರೈಲ್ವೆ ಗೇಟು ಹಾಕಿತ್ತು. ಗೂಡ್ಸು ಗಾಡಿ, ಮುಗಿಯುವುದೇ ಇಲ್ಲ. ನಿನ್ನ ರಕ್ತ ನನ್ನ ತೊಡೆಯ ಮೇಲೆ ಬಿಸಿಯಾಗಿ ಇಳಿಯುತ್ತಿತ್ತು. ನಾನು ಇಳಿದು ಹೋಗಿ ಗೇಟಿನವನ ಎದೆಗೆ ಗುದ್ದಿದೆ. ಏನೂ ತಪ್ಪು ಮಾಡದ ಆ ಮನುಷ್ಯ ಕೆಳಗೆ ಬಿದ್ದ. ಸುತ್ತ ನಿಂತವರು ನನ್ನನ್ನು ಬೈಯಲಿಲ್ಲ. ಸ್ನೇಹಿತನಿಗಾಗಿ ಎಷ್ಟು ಸಂಕಟಪಡುತ್ತಾನೆ ನೋಡಿ ಅಂದರು. ಹಲಸೂರು ದಾಟಿ ಶಿವಾಜಿನಗರದ ದೊಡ್ಡಾಸ್ಪತ್ರೆಗೆ ಬರುವವರೆಗೂ ನಿನ್ನ ತಲೆ ನನ್ನ ಹೆಗಲ ಮೇಲಿತ್ತು. ಅಂದಿನಿಂದ ಶೆಡ್ಡಿನಲ್ಲಿ ನಾನು ಶರಣಪ್ಪನ ಜೀವ ಉಳಿಸಿದವನಾದೆ.

ಮೂರನೆಯ ದಿನ ನೀನು ಮಾತಾಡಿದೆ. ಕೈ ದೊಡ್ಡ ಬ್ಯಾಂಡೇಜಿನ ಉಂಡೆಯಾಗಿತ್ತು. ನಾನು ಕಿತ್ತಳೆ ಹಣ್ಣು ಸುಲಿಯುತ್ತ ಕೂತಿದ್ದೆ.

“ಮುನಿರಾಜ, ನನಗ ಆ ಹೊತ್ತಿಂದು ಏನೂ ನೆನಪಿಲ್ಲ. ನಾ ಬಿಡು ಅಂದೆನೇನು?”

ಆಗ ಹೇಳಬಹುದಿತ್ತು. ವಾರ್ಡಿನಲ್ಲಿ ಯಾರೂ ಹತ್ತಿರ ಇರಲಿಲ್ಲ. ನೀನು ಕಣ್ಣಲ್ಲಿ ಕಣ್ಣಿಟ್ಟು ಕೇಳುತ್ತಿದ್ದೆ, ಅನುಮಾನದಿಂದಲ್ಲ, ತಿಳಿದುಕೊಳ್ಳಲು.

“ಹೂಂ. ಅಂದೆ” ಅಂದೆ ನಾನು.

ನೀನು ಬ್ಯಾಂಡೇಜಿನ ಕೈಯನ್ನು ಎದೆಯ ಮೇಲೆ ಎಳೆದುಕೊಂಡೆ. “ಕೈ ಒಳಗಿಟ್ಟು ಬಿಡು ಅಂದೆನಲ್ಲ. ಎಂಥಾ ಹುಚ್ಚ ನಾ” ಅಂದೆ. ಆಮೇಲೆ, ನಾನು ತಲೆ ತಗ್ಗಿಸಿದ್ದು ನೋಡಿ, ನನ್ನನ್ನೇ ಸಮಾಧಾನ ಮಾಡಿದೆ. “ನೀ ಏನ್ ಮಾಡ್ತಿ. ಹೋಗ್ಲಿ ಬಿಡು.”

ಅದು ಮೂರನೆಯ ‘ಬಿಡು’. ಗುಂಡಿ ಒತ್ತು ಎಂಬುದಲ್ಲ, ಕೈ ತೆಗೆ ಎಂಬುದಲ್ಲ, ಮರೆತುಬಿಡು ಎಂಬುದು. ಅದನ್ನು ನಾನು ಕಿತ್ತಳೆಯ ತೊಳೆಯ ಜೊತೆಗೆ ತಿಂದುಬಿಟ್ಟೆ.

ವಿಚಾರಣೆಗೆ ಬಂದ ಅಧಿಕಾರಿ ಫಿಲೋಮಿನಾ ಅಕ್ಕನನ್ನು ಕೇಳಿದರು, ನನ್ನನ್ನು ಕೇಳಿದರು, ನಿನ್ನನ್ನು ಕೇಳಿದರು. ಮೂವರೂ ಒಂದೇ ಪದ ಹೇಳಿದೆವು. ಕೆಲಸಗಾರನ ಸ್ವಂತ ಅಜಾಗರೂಕತೆ ಎಂದು ಬರೆದುಕೊಂಡರು. ಆ ಕಾಗದಕ್ಕೆ ನೀನು ಸಹಿ ಹಾಕಬೇಕಿತ್ತು. ಬಲಗೈ ಬ್ಯಾಂಡೇಜಿನಲ್ಲಿ, ಎಡಗೈಯಲ್ಲಿ ಬರೆಯಲು ಬರುವುದಿಲ್ಲ. ಹೆಬ್ಬೆಟ್ಟು ಒತ್ತಿಸಿಕೊಂಡರು. ಶೆಡ್ಡಿಗೆಲ್ಲ ಚೆಂದದ ಅಕ್ಷರದವನು ನೀನು, ಹೆಬ್ಬೆರಳಿಗೆ ಮಸಿ ಹಚ್ಚಿಕೊಂಡು ಅದನ್ನೇ ನೋಡುತ್ತ ನಿಂತಿದ್ದೆ. ಆ ತಿಂಗಳೇ ಕೋಣೆ ಖಾಲಿ ಮಾಡಿ ಹೊರಟೆ. ಎಲ್ಲಿಗೆ ಎಂದು ನಾನು ಕೇಳಲಿಲ್ಲ.

ಆಮೇಲೆ ನಾನು ಯಾರ ಮೇಲೂ ಕೈ ಮಾಡಲಿಲ್ಲ. ಹೆಂಡತಿಯ ಮೇಲೆ, ಮಕ್ಕಳ ಮೇಲೆ, ನಾಯಿಯ ಮೇಲೆ ಕೂಡ. ಆ ಅಪಘಾತ ನೋಡಿ ಮುನಿರಾಜು ಮೆತ್ತಗಾಗಿಬಿಟ್ಟ ಎಂದು ಊರವರು ಹೊಗಳಿದರು. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಾರದು ಎಂದು ಅವ್ವ ಚಿಕ್ಕಂದಿನಿಂದ ಹೇಳುತ್ತಿದ್ದಳು. ಅದು ಸ್ವಂತ ಮೂಗಿನ ಮಾತು ಅಂದುಕೊಂಡಿದ್ದೆ.

ಕಾರ್ಖಾನೆ ಮುಚ್ಚಿತು. ಹಲಸೂರಿನಲ್ಲಿ ಸುಟ್ಟ ಮೋಟಾರಿಗೆ ಹೊಸ ತಂತಿ ಸುತ್ತುವ ಅಂಗಡಿ ಇಟ್ಟೆ. ಈಗ ಅಂಗಡಿಯ ಮುಂದಿನ ದೊಡ್ಡ ರಸ್ತೆಯಲ್ಲಿ ಮೆಟ್ರೊ ಕಂಬಗಳು ಏಳುತ್ತಿವೆ, ದಿನವಿಡೀ ಧೂಳು. ಹೋದ ತಿಂಗಳು ಕಲ್ಯಾಣ ನಗರದ ಒಂದು ಅಪಾರ್ಟ್‌ಮೆಂಟಿನಿಂದ ಕರೆ ಬಂತು. ನೀರಿನ ಪಂಪಿನ ಮೋಟಾರು ಸುಟ್ಟಿದೆ, ಬನ್ನಿ ಎಂದು. ಬಿಚ್ಚಿ ತಂದು, ಸುತ್ತಿ, ಬೇರಿಂಗು ಬದಲಿಸಿ, ಒಂದು ವಾರದ ಮೇಲೆ ನಾನೇ ತೆಗೆದುಕೊಂಡು ಹೋದೆ. ಅಲ್ಲಿ ಪಂಪು ನೋಡಿಕೊಳ್ಳುವವನು ನೀನು, ಆದರೆ ಬಿಚ್ಚಲು ಹೋದ ದಿನ ಊರಿಗೆ ಹೋಗಿದ್ದೆಯಂತೆ. ಕೂರಿಸಲು ಹೋದ ದಿನ ನೆಲಮಾಳಿಗೆಯ ಪಂಪಿನ ಕೋಣೆಯಲ್ಲಿ ನೀನಿದ್ದೆ.

“ಮುನಿರಾಜ ಅಲ್ಲೇನು?”

ನೀನೇ ಮೊದಲು ಗುರುತಿಸಿದೆ. ಎರಡು ಬೆರಳಿನ ಬಲಗೈಯಿಂದ ನನ್ನ ತೋಳು ಹಿಡಿದುಕೊಂಡೆ. ಗೇಟಿನ ವಾಚ್‌ಮ್ಯಾನನ್ನು ಕರೆದು, “ಅವತ್ತು ನನ್ನನ್ನ ದವಾಖಾನಿಗೆ ಹೊತ್ಗೊಂಡು ಹೋದಾಂವ ಇವನೇ ನೋಡಪ್ಪ” ಅಂದೆ. ನಾನು ನಕ್ಕೆ. ಏನು ಮಾಡಬೇಕು ಎಂದು ತಿಳಿಯದಾಗ ಮುಖ ನಗುತ್ತದೆ.

ಆಮೇಲೆ, ಬಿಚ್ಚಲು ಬಂದ ದಿನ ಅವಸರದಲ್ಲಿ ಗಮನಿಸದಿದ್ದ ಗೋಡೆ ನೋಡಿದೆ. ಸ್ಟಾರ್ಟರಿನ ಮೇಲೆ ಒಂದು ಹಲಗೆ. ಬಿಳಿ ಬಣ್ಣದಲ್ಲಿ, ಎಡಗೈಯ ಸೊಟ್ಟ ಅಕ್ಷರದಲ್ಲಿ ಬರೆದಿತ್ತು — ‘ಇಲ್ಲಿ ಬಿಡು ಅನ್ನಬಾರದು. ಚಾಲೂ ಇಲ್ಲವೇ ಬಂದ್ ಅನ್ನಬೇಕು.’

“ನನ್ನಂಗ ಇನ್ನೊಬ್ಬನ ಕೈ ಹೋಗಬಾರದಲ್ಲ” ಅಂದೆ ನೀನು, ನಾನು ನೋಡುತ್ತಿರುವುದನ್ನು ಕಂಡು. “ಮನಿಯಾಗೂ ಆ ಮಾತು ಆಡಂಗಿಲ್ಲ ನಾ. ಮಕ್ಕಳು ನಗ್ತಾವ. ಏನ್ ಮಾಡ್ಲಿ, ಬಾಯಿಗೆ ಬಂದ್ರೂ ನುಂಗ್ತೀನಿ.”

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ನೀನು ಆಡಿದ ಮಾತು ಸರಿಯಾಗಿಯೇ ಇತ್ತು, ಶರಣಪ್ಪ. ಅದನ್ನು ಒಡೆದವನು ನಾನು. ನಿನ್ನ ಬೆರಳುಗಳನ್ನಷ್ಟೇ ತೆಗೆದುಕೊಂಡಿದ್ದೇನೆ ಅಂದುಕೊಂಡಿದ್ದೆ. ನಿನ್ನ ಬಾಯಿಯ ಪದವನ್ನೂ ತೆಗೆದುಕೊಂಡಿದ್ದೇನೆ, ನಿನ್ನ ಮೇಲೆ ನಿನಗಿದ್ದ ನಂಬಿಕೆಯನ್ನೂ ತೆಗೆದುಕೊಂಡಿದ್ದೇನೆ ಎಂದು ಆ ಹಲಗೆಯ ಕೆಳಗೆ ನಿಂತಾಗ ತಿಳಿಯಿತು. ಹದಿಮೂರು ವರ್ಷ ನೀನು ನಿನ್ನನ್ನೇ ಹುಚ್ಚ ಎಂದು ಬೈದುಕೊಂಡು ಬದುಕಿದ್ದೀಯ.

ಮೋಟಾರು ಇಳಿಸುವಾಗ ನನ್ನ ಕೈ ಜಾರಿ ಸ್ಪ್ಯಾನರು ನಿನ್ನ ಕಾಲ ಮೇಲೆ ಬಿತ್ತು. ತಪ್ಪಾಯಿತು ಅಂದೆ. ನೀನು “ಹೋಗ್ಲಿ ಬಿ—” ಎಂದು ತಡೆದು, “ಇರ್ಲಿ, ಇರ್ಲಿ” ಅಂದೆ. ಆಮೇಲೆ ಹುರಿ ತಂದೆ, ಲೋಟ ತಂದೆ. ಮೋಟಾರಿನ ಪುಲ್ಲಿ ಚಕ್ರಕ್ಕೆ ಹುರಿ ಸುತ್ತಿ, ಎಡಗೈಯಲ್ಲಿ ಒಂದೊಂದೇ ನಟ್ಟು ಹಾಕಿದೆ. ನಾಲ್ಕನೆಯದಕ್ಕೇ ಶಾಫ್ಟು ಮೆಲ್ಲಗೆ ತಿರುಗಿತು. ನಿನ್ನ ಮುಖ ಅರಳಿತು.

“ಹೊಡೀದೆ ಕೂರ್ಸೀದಿ” ಅಂದೆ. “ಈಗ ನೀ ಹೊಡಿಯಂಗಿಲ್ಲ ಅಲ್ಲೇನು?”

ಅಲ್ಲೇ ಹೇಳಬೇಕಿತ್ತು. ಬಾಯಿ ತೆರೆದೆ. “ಬರ್ತೀನಿ ಶರಣಪ್ಪ” ಎಂಬುದು ಮಾತ್ರ ಬಂತು. ಮೆಟ್ಟಿಲು ಹತ್ತಿ ಹೊರಗೆ ಬಂದು, ಕೂಲಿಯನ್ನೂ ಕೇಳದೆ ಗಾಡಿ ಹತ್ತಿ ಹೊರಟೆ.

ಮೊನ್ನೆ ಹಲಸೂರು ಕೆರೆಯ ಹತ್ತಿರ ಫಿಲೋಮಿನಾ ಅಕ್ಕನ ಮನೆ ಹುಡುಕಿಕೊಂಡು ಹೋದೆ. ಈಗ ಅವರಿಗೆ ಮಂಡಿ ನೋವು, ಕುರ್ಚಿ ಬಿಟ್ಟು ಏಳುವುದಿಲ್ಲ. ಎಲ್ಲ ಹೇಳಿದೆ, ‘ಕೈ ಒಳಗದ’ ಎಂಬುದನ್ನೂ, ಮೂರು ಸೆಕೆಂಡನ್ನೂ. ಹತ್ತಿರ ಬಾ ಎಂದು ಕೈ ಮಾಡಿದರು. ತಲೆ ಸವರುತ್ತಾರೆ ಅಂದುಕೊಂಡು ಬಗ್ಗಿದೆ. ಕೆನ್ನೆಗೆ ಹೊಡೆದರು, ಮುದುಕಿಯ ಕೈಯಲ್ಲಿ ಇದ್ದಷ್ಟೂ ಬಲದಿಂದ.

“ನಾನ್ ಸುಳ್ಳು ಹೇಳ್ಲಿಲ್ಲ” ಅಂದರು. “ಆದ್ರೂ ನನ್ ಬಾಯಲ್ಲಿ ಸುಳ್ಳು ಹೇಳಿಸ್ಬಿಟ್ಟೆ ನೀನು. ಇಷ್ಟು ವರ್ಷ ಚರ್ಚಲ್ಲಿ ಮೊಣಕಾಲೂರಿ ಆ ಕೈಗೋಸ್ಕರ ಕೇಳ್ಕೊಂಡೆ ಕಣೋ. ನಿನಗೋಸ್ಕರನೂ ಕೇಳ್ಕೊಂಡೆ.”

ನಾಳೆ ಅವರನ್ನು ಆಟೋದಲ್ಲಿ ಕೂರಿಸಿಕೊಂಡು ಕಲ್ಯಾಣ ನಗರಕ್ಕೆ ಬರುತ್ತೇನೆ. ಅವರೇ ಬರುತ್ತೇನೆ ಅಂದದ್ದು. ‘ಒಬ್ನೇ ಹೋದ್ರೆ ನೀನು ಮತ್ತೆ ನುಂಗಿಕೊಂಡುಬಿಡ್ತೀಯ’ ಎಂದು ನನಗೆ ಅಂದರು. ಈ ಕಾಗದದ ಒಂದು ಪ್ರತಿಯನ್ನು ಹೆಂಡತಿಯ ಕೈಗೆ ಕೊಟ್ಟಿದ್ದೇನೆ. ಇನ್ನೊಂದನ್ನು ಅಂದು ಅಜಾಗರೂಕತೆ ಎಂದು ಬರೆದುಕೊಂಡ ಕಚೇರಿಗೆ, ಮತ್ತೊಂದನ್ನು ಹಳೆಯ ಮಾಲೀಕರಿಗೆ ಕಳಿಸಿದ್ದೇನೆ. ಅದರಿಂದ ಏನಾಗುತ್ತದೋ ಗೊತ್ತಿಲ್ಲ, ಆಗುವುದು ಆಗಲಿ. ನಿನ್ನ ಹೆಬ್ಬೆಟ್ಟಿನ ಮೇಲೆ ಬರೆದಿರುವುದು ಸುಳ್ಳು ಎಂದು ಎಲ್ಲೋ ಒಂದು ಕಡೆ ನನ್ನ ಸಹಿಯ ಸಮೇತ ಇರಬೇಕು.

ಪಂಪಿನ ಕೋಣೆಯಲ್ಲೇ, ಆ ಹಲಗೆಯ ಮುಂದೆಯೇ ನಿಂತು ಇದನ್ನು ಓದುತ್ತೇನೆ. ಓದಿ ಮುಗಿದ ಮೇಲೆ ನೀನು ಪೊಲೀಸರನ್ನು ಕರೆಸು. ಹೊಡಿ, ಟೀ ಅಂಗಡಿಯ ಎರಡು ಏಟು ಬಾಕಿ ಇದೆ, ಸ್ಪ್ಯಾನರಿನಲ್ಲೇ ಹೊಡಿ, ನಾನು ಕೈ ಅಡ್ಡ ಹಿಡಿಯುವುದಿಲ್ಲ. ಆ ಹಲಗೆಯನ್ನು ಕಿತ್ತು ಒಲೆಗೆ ಹಾಕು. ನೀನು ಅಂದು ಅಂದದ್ದು ಸರಿಯಾದ ಮಾತು, ಸರಿಯಾದ ಹೊತ್ತಿಗೆ ಅಂದದ್ದು. ಮನೆಯಲ್ಲಿ, ಮಕ್ಕಳ ಹತ್ತಿರ, ದಿನಕ್ಕೆ ನೂರು ಸಲ ಬಾಯ್ತುಂಬ ಆಡು.

ನನಗೊಬ್ಬನಿಗೆ ಮಾತ್ರ ಆಡಬೇಡ. ನಿನ್ನ ಸ್ವಭಾವ ನನಗೆ ಗೊತ್ತು, ಅದಕ್ಕೇ ಮೊದಲೇ ಬರೆದಿಡುತ್ತಿದ್ದೇನೆ. ಎಲ್ಲ ಕೇಳಿದ ಮೇಲೆ, ನಾನು ತಲೆ ತಗ್ಗಿಸಿದ್ದು ನೋಡಿ, ಆ ಎರಡು ಬೆರಳನ್ನು ನನ್ನ ಭುಜದ ಮೇಲೆ ಇಟ್ಟು, ‘ಹೋಗ್ಲಿ ಬಿಡು’ ಅನ್ನಬೇಡ ಶರಣಪ್ಪ.